ಮಾವನಿಗೆ ತಂದ ಲಾಂದ್ರ

ಧನುರ್ಮಾಸದಲ್ಲಿ ಕಪಿಲೆ ಹೊಳೆಯ ಮೇಲೆ ಕೂತವರಿಗೆ ಮಾತ್ರ ಗೊತ್ತು, ನಮ್ಮ ಕಡೆಯ ಚಳಿ ಎಂಥದ್ದು ಅಂತ. ಊರೊಳಗಿನವರೂ ಚಳಿ ಚಳಿ ಅನ್ನುತ್ತಾರೆ. ಆದರೆ ಅವರಿಗೆ ಒಲೆ ಇದೆ, ಎದ್ದು ನಾಲ್ಕು ಹೆಜ್ಜೆ ಹಾಕಲು ನೆಲ ಇದೆ. ಹರಿಗೋಲಿನಲ್ಲಿ ಗಾಳ ಬಿಟ್ಟುಕೊಂಡು ಕೂತವನಿಗೆ ಎರಡೂ ಇಲ್ಲ. ಅವನು ಮಿಸುಕಿದರೆ ಬುಟ್ಟಿಯಂಥ ಆ ದೋಣಿ ಮಿಸುಕುತ್ತದೆ, ಮಡುವಿನ ತಳದಲ್ಲಿ ಮಂಕು ಹಿಡಿದು ಮಲಗಿದ್ದ ಬಾಳೆಮೀನು ಎಚ್ಚರಾಗಿ ಆಚೆ ಸರಿದುಬಿಡುತ್ತದೆ. ಹಾಗಾಗಿ ಕೋಳಿ ಕೂಗುವ ಹೊತ್ತಿಗೆ ಹೋಗಿ ಕೂತರೆ ಬಿಸಿಲು ನೀರಿಗೆ ಬೀಳುವ ತನಕ ಕೂತೇ ಇರಬೇಕು. ಮಂಜು ಮೊದಲು ಕಂಬಳಿಯ ಮೇಲೆ ಕೂರುತ್ತದೆ, ಆಮೇಲೆ ಹುಬ್ಬಿನ ಮೇಲೆ, ಕೊನೆಗೆ ಮೂಳೆಯೊಳಗೆ.

ನಮ್ಮ ಊರು ನಂಜನಗೂಡಿನಿಂದ ಹೊಳೆಯ ಗುಂಟ ಕೆಳಕ್ಕೆ, ನರಸೀಪುರದ ಕೂಡಲಿಗೆ ಇನ್ನೂ ಸ್ವಲ್ಪ ಮೇಲಕ್ಕೆ. ನಮ್ಮ ಊರು ಎಂದೆ, ಹುಟ್ಟಿದ್ದು ಅಲ್ಲಿ ಅಲ್ಲ. ನಾನು ತಲಕಾಡಿನ ಮರಳಿನ ಕಡೆಯವನು. ನನ್ನ ಅವ್ವನ ಅಣ್ಣನಿಗೆ ಒಬ್ಬಳೇ ಮಗಳು. ಅವಳನ್ನು ನನಗೆ ಕೊಟ್ಟು ನನ್ನನ್ನೂ ಮನೆಯಲ್ಲೇ ಇಟ್ಟುಕೊಂಡರು. ಮನೆಗೆ ಸೇರಿದ ಅಳಿಯ ಅಂದರೆ ಜನ ಒಂದು ಥರಾ ನಗುತ್ತಾರೆ. ನನ್ನ ಸೋದರಮಾವ ಮಾತ್ರ ಒಂದು ದಿನವೂ ಆ ನಗು ನನ್ನ ಹತ್ತಿರ ಸುಳಿಯಲು ಬಿಡಲಿಲ್ಲ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾವು ಮೂವರೇ.

ಮಾವ ಹೊಳೆಯ ಮೇಲೆ ಹುಟ್ಟಿ ಬೆಳೆದವರು. ಮಳೆಗಾಲದಲ್ಲಿ ಬೀಸುಬಲೆ, ಚಳಿಗಾಲದಲ್ಲಿ ಮಡುವಿನ ಗಾಳ. ಚಳಿಗೆ ದೊಡ್ಡ ಮೀನು ಮೇಲೆ ಬರುವುದಿಲ್ಲ. ಹರಿಗೋಲಿನ ಅಂಚಿಗೆ ದೀಪ ಇಟ್ಟರೆ ಬೆಳಕಿಗೆ ಸಣ್ಣ ಮೀನು ಬರುತ್ತದೆ, ಸಣ್ಣದರ ಆಸೆಗೆ ದೊಡ್ಡದು ಮೆಲ್ಲಗೆ ಎದ್ದು ಬರುತ್ತದೆ. ಅದು ಗಾಳ ಕಚ್ಚುವುದಿಲ್ಲ, ಮೂಸುತ್ತದೆ. ಆ ಮೂಸುವಿಕೆ ದಾರದ ಮೇಲೆ ಹತ್ತಿ ಬಂದು ತೋರುಬೆರಳಿಗೆ ತಾಕಬೇಕು. ಮಾವನ ಬೆರಳಿಗೆ ತಾಕುತ್ತಿತ್ತು. ನನ್ನ ಬೆರಳಿಗೆ ಮೂರು ವರ್ಷವಾದರೂ ಎಲೆ ಯಾವುದು, ಸುಳಿ ಯಾವುದು, ಮೀನು ಯಾವುದು ಗೊತ್ತಾಗುತ್ತಿರಲಿಲ್ಲ.

ಬೆಚ್ಚಗಿರಲು ಅವರ ಅಪ್ಪನ ಕಾಲದಿಂದ ಬಂದದ್ದು ಕೆಂಡದ ಮಡಕೆ. ಹರಿಗೋಲಿನ ತಳಕ್ಕೆ ಎರಡು ಹಿಡಿ ದಪ್ಪ ಹಸಿ ಮರಳು ಹಾಸಿ, ಅದರ ಮೇಲೆ ಬೆರಣಿ ಕೆಂಡ ತುಂಬಿದ ಮಡಕೆ ಇಟ್ಟು, ಅದನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕಂಬಳಿ ಹೊದೆಯುವುದು. ಬೆಳಕಿಗೆ ಹೊಂಗೆ ಎಣ್ಣೆಯ ದೀಪ, ಗಾಳಿಗೆ ಮರೆಯಾಗಿ ಒಂದು ಒಡೆದ ಮಡಕೆಯ ಓಡು. ಕೆಂಡವೂ ಹೊಗೆ, ದೀಪವೂ ಹೊಗೆ. ಮಾವನಿಗೆ ಉಬ್ಬಸ ಹಿಡಿದ ಮೇಲೆ ಆ ಹೊಗೆಯೇ ಶತ್ರುವಾಯಿತು. ಕೆಂಡ ಇಟ್ಟುಕೊಂಡರೆ ಹೊಗೆಗೆ ಉಸಿರು ಕಟ್ಟುತ್ತದೆ, ಬಿಟ್ಟರೆ ಚಳಿಗೆ ಕಟ್ಟುತ್ತದೆ. ರಾತ್ರಿ ಮಲಗಿದರೆ ಅವರ ಎದೆಯಿಂದ ಹಳೇ ಬಾಗಿಲು ತೆರೆದಂಥ ಸದ್ದು ಬರುತ್ತಿತ್ತು. ಗೋಡೆಯ ಈಚೆ ನಾನೂ ನನ್ನ ಹೆಂಡತಿಯೂ ಕಣ್ಣು ಬಿಟ್ಟುಕೊಂಡು ಅದನ್ನು ಕೇಳುತ್ತ ಮಲಗಿರುತ್ತಿದ್ದೆವು.

ನರಸೀಪುರದಲ್ಲಿ ಬೇರುನಾರಿನ ಔಷಧ ಕೊಡುವ ಒಬ್ಬ ಪಂಡಿತರಿದ್ದರು. ಅವರು ನಾಡಿ ನೋಡಿ, "ಹೊಗೆಯೂ ತಾಕಬಾರದು, ಚಳಿಯೂ ತಾಕಬಾರದು" ಅಂದರು.

ಮಾವ ದಾರಿಯುದ್ದಕ್ಕೂ ನಕ್ಕರು. "ವಗೇನೂ ಇಲ್ದೆ ಚಳೀನೂ ಇಲ್ದೆ ಇರೋ ಜಾಗ ಒಂದೇ ಅದೆ ಕಣ್ಲಾ. ಅಲ್ಲಿಂದ ನಂಗಿನ್ನೂ ಕರೆ ಬಂದಿಲ್ಲ."

"ಈ ಒಂದು ಚಳಿ ಮನೇಲಿರು ಮಾವ. ನಾನೊಬ್ನೇ ಓಗ್ತೀನಿ" ಅಂದೆ.

"ನೀನು ಓಗಿ ಏನ್ ತತ್ತೀಯ, ಎಲೆ ತತ್ತೀಯ. ಸಾರ್ ಮಾಡ್ಕಂಡು ಉಣ್ಣಣ ಬುಡು."

ಮಾತು ಕುಹಕದ್ದಾದರೂ ನಿಜ. ಅದಕ್ಕಿಂತ ನಿಜವಾದದ್ದು ಇನ್ನೊಂದಿತ್ತು. ಹೊಳೆಗೆ ಹೋಗದ ದಿನ ಅವರು ಜಗಲಿಯ ಮೇಲೆ ಕೂತು ತೋರುಬೆರಳಿಗೆ ಹೆಬ್ಬೆರಳು ತೀಡುತ್ತ ಹೊಳೆಯ ಕಡೆಗೇ ನೋಡುತ್ತಿದ್ದರು. ಆ ದಿನಗಳಲ್ಲಿ ಉಬ್ಬಸ ಕಡಿಮೆಯಾದದ್ದನ್ನು ನಾನು ಕಾಣಲಿಲ್ಲ.

ನನ್ನ ಹೆಂಡತಿ ಒಂದು ಸಂಜೆ ಹಿತ್ತಲಿನಲ್ಲಿ ಮೀನು ಉಜ್ಜುತ್ತ, ಮುಖ ಎತ್ತದೆ ಹೇಳಿದಳು: "ಬಾವ, ಅಪ್ಪನ್ನ ಬ್ಯಾಡ ಅಂದ್ರೆ ಕೇಳಕಿಲ್ಲ. ಓಗಲಿ. ಆದ್ರೆ ಹೆಂಗಾದ್ರೂ ಮಾಡಿ ಈ ಚಳಿ ಒಂದು ದಾಟ್ಸು. ಅವ್ವನ್ನ ಕಳ್ಕಂಡಿವ್ನಿ, ನಂಗೆ ಇನ್ಯಾರವ್ರೆ."

ದಾಟಿಸುತ್ತೇನೆ ಅಂದೆ. ದಾಟಿಸುವುದು ನನ್ನ ಕೈಯಲ್ಲಿರುವ ಕೆಲಸ ಅಂತಲೇ ಆಗ ನನಗೆ ಅನ್ನಿಸಿತ್ತು.

ಸೀಮೆಎಣ್ಣೆ ನಮ್ಮ ಕಡೆಗೆ ಹೊಸತಾಗಿ ಬಂದಿದ್ದ ಕಾಲ. ಮೈಸೂರಿನಿಂದ ರೈಲು ನಂಜನಗೂಡಿಗೆ ಬಂದು ನಿಲ್ಲುತ್ತಿತ್ತು, ಅದರಲ್ಲಿ ಡಬ್ಬಗಳು ಇಳಿಯುತ್ತಿದ್ದವು. ಸೀಮೆಎಣ್ಣೆಯ ಲಾಂದ್ರಕ್ಕೆ ಹೊಗೆ ಇಲ್ಲ, ಗಾಜಿನ ಬುರುಡೆಯ ಮೇಲೆ ಕೈ ಹಿಡಿದರೆ ಕಾವು ಬರುತ್ತದೆ ಅಂತ ಯಾರೋ ಹೇಳಿದ್ದರು. ಒಣಮೀನಿನ ಒಂದು ಹೊರೆ ಕಟ್ಟಿಕೊಂಡು ಮಾವನೂ ನಾನೂ ನಂಜನಗೂಡಿಗೆ ಹೊರಟೆವು. ಮಾವ ಅಷ್ಟಷ್ಟು ದೂರಕ್ಕೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ನಿಂತದ್ದು ಉಸಿರಿಗೆ ಅಂತ ಕಾಣಬಾರದೆಂದು ಪ್ರತಿ ಸಲವೂ ಏನಾದರೂ ತೋರಿಸುತ್ತಿದ್ದರು. "ಅಲ್ನೋಡ್ಲಾ, ಆ ಹುಣಸೆಮರ." "ಅಲ್ನೋಡ್ಲಾ, ಆ ಎಮ್ಮೆ." ಎಮ್ಮೆಯನ್ನು ನೋಡಿ ನೋಡಿ ನನಗೂ ಸಾಕಾಯಿತು.

ಅಂಗಡಿ ಇದ್ದದ್ದು ದೇವಸ್ಥಾನದಿಂದ ರೈಲು ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ. ಗಾಜಿನ ಬುರುಡೆಗಳನ್ನು ಹುಲ್ಲಿನಲ್ಲಿ ಸುತ್ತಿ ಮೊಟ್ಟೆ ಇಟ್ಟ ಹಾಗೆ ಸಾಲಾಗಿ ಇಟ್ಟಿದ್ದರು. ಅಂಗಡಿಯ ಸೆಟ್ಟರು ಎರಡು ಲಾಂದ್ರ ಇಳಿಸಿದರು.

ಒಂದು ಸಣ್ಣದು. ತಂತಿಯ ಕಟ್ಟು, ಮೇಲೆ ಹಿಡಿ, ಕಿರುಬೆರಳಷ್ಟು ಅಗಲದ ಬತ್ತಿ. ಸೆಟ್ಟರು ಅದನ್ನು ಹಚ್ಚಿ, ಹಿಡಿಯಲ್ಲಿ ಹಿಡಿದು ಆರತಿ ಎತ್ತುವ ಹಾಗೆ ಸುತ್ತಿಸಿದರು. ದೀಪ ಆರಲಿಲ್ಲ, ಒಂದು ಹನಿ ಎಣ್ಣೆ ಬೀಳಲಿಲ್ಲ.

"ಇದು ಗಾಡಿಯೋರು ಒಯ್ಯೋದು. ಗಾಡಿ ಮಗುಚಿದ್ರೂ ದೀಪ ಇರ್ತದೆ" ಅಂದರು.

ಇನ್ನೊಂದು ದೊಡ್ಡದು. ಎಣ್ಣೆಗೆ ಹಿತ್ತಾಳೆಯ ಬುಂಡೆ ಹೊಟ್ಟೆ, ಎರಡು ಬೆರಳು ಅಗಲದ ಬತ್ತಿ, ಉದ್ದದ ಬುರುಡೆ. ಹಚ್ಚಿದ ಕೂಡಲೇ ಅಂಗಡಿಯ ಹಿಂದಿನ ಗೋಡೆಯ ತನಕ ಬೆಳಕಾಯಿತು.

"ಇದನ್ನ ಆಡಿಸೋಕೆ ಆಗಲ್ಲಪ್ಪ. ಇಟ್ಟ ಕಡೆ ಇರೋ ವಸ್ತು. ಜಗಲೀಲಿ ಇಡ್ತಾರೆ, ಮದುವೆ ಮನೇಲಿ ಇಡ್ತಾರೆ" ಅಂದರು ಸೆಟ್ಟರು.

ಅಂಗಡಿಯ ಹಲಗೆಯ ಮೇಲೆ ಒಬ್ಬ ಮುದುಕ ಕೂತಿದ್ದ. ಯಾರೋ ಬಿಳಿ ದೊರೆಯ ಮನೆಯಲ್ಲಿ ಬಟ್ಲರನಾಗಿದ್ದವನಂತೆ. ಕಾಲರು ಹರಿದ ಹಳೇ ಕೋಟು ಇನ್ನೂ ಮೈಮೇಲಿತ್ತು. ಏನಕ್ಕೆ ಲಾಂದ್ರ ಅಂತ ಕೇಳಿ ತಿಳಿದುಕೊಂಡು ಅವನು ಬಾಯಿ ಹಾಕಿದ.

"ನಮ್ಮ ದೊರೆ ಊರಲ್ಲಿ ಚಳಿಗಾಲಕ್ಕೆ ಕೆರೆ ಕಲ್ಲಾಗ್ತದೆ. ಅದರ ಮೇಲೆ ನಡ್ಕೊಂಡು ಹೋಗಿ, ಗುದ್ದಲೀಲಿ ತೂತು ಮಾಡಿ, ಪಕ್ಕದಲ್ಲಿ ಇಂಥದೇ ಲಾಂದ್ರ ಇಟ್ಕೊಂಡು ತೂತಿಗೆ ಗಾಳ ಬಿಡ್ತಾರೆ."

ಮಾವ ಅವನನ್ನು ಮೇಲಿಂದ ಕೆಳಕ್ಕೆ ನೋಡಿದರು. "ನೀರು ಕಲ್ಲಾದ್ರೆ ಮೀನೆಲ್ಲಿರ್ತದೆ ಸೋಮಿ, ಕಲ್ಲೊಳಗಾ?"

"ಕಲ್ಲಿನ ಕೆಳಗೆ ನೀರಿರ್ತದಪ್ಪ."

"ಕಾವಿಗೆ ಆ ಕಲ್ಲು ಕರಗಿ ಲಾಂದ್ರ ಒಳಕ್ಕೆ ಓಗಕಿಲ್ವಾ?"

ಬಟ್ಲರ ಹರಿದ ಕಾಲರನ್ನು ಸರಿಮಾಡಿಕೊಂಡ. ಬಹುಶಃ ಅವನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಸೆಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವನೂ ನಗಲು ಹೋಗಿ ಕೆಮ್ಮಿದರು, ಕೆಮ್ಮು ನಿಲ್ಲಲೇ ಇಲ್ಲ. ನಾನು ಅವರ ಬೆನ್ನು ನೀವುತ್ತ ನಿಂತೆ.

ಕೆಮ್ಮು ನಿಂತ ಮೇಲೆ ಮಾವ ಸಣ್ಣ ಲಾಂದ್ರವನ್ನು ಎತ್ತಿಕೊಂಡರು. "ಇದೇ ಸಾಕು ಕಣ್ಲಾ. ವಳೆ ಮ್ಯಾಲೆ ಅಲುಗೋದೇ ನಮ್ಮ ಬಾಳು. ಇದು ನಮ್ಮಂಗೇ ಅದೆ."

ನಾನು ಅದರ ಬುರುಡೆಯ ಮೇಲೆ ಅಂಗೈ ಹಿಡಿದು ನೋಡಿದೆ. ಬೆಚ್ಚಗಿತ್ತು, ಅಷ್ಟೇ, ಒಬ್ಬ ಮುದುಕನ ಮೈಯನ್ನು ಮಂಜಿನಲ್ಲಿ ಕಾಯಿಸುವಷ್ಟಲ್ಲ. ಆಮೇಲೆ ಮಾವನ ಎರಡೂ ಕೈ ಹಿಡಿದು ದೊಡ್ಡ ಲಾಂದ್ರದ ಬುರುಡೆಯ ಹತ್ತಿರಕ್ಕೆ ತಂದೆ. ಬೆರಳ ಗೆಣ್ಣುಗಳು ಗಂಟುಗಟ್ಟಿದ್ದ ಕೈಗಳು. ಅವರು ಕಣ್ಣು ಮುಚ್ಚಿಕೊಂಡರು. ಹೆಗಲು ಇಳಿಯಿತು, ಬಿಗಿದುಕೊಂಡಿದ್ದ ದವಡೆ ಸಡಿಲವಾಯಿತು. ಬಿಸಿನೀರು ಹುಯ್ಯಿಸಿಕೊಳ್ಳುವ ಕೂಸಿನ ಹಾಗೆ ನಿಂತೇ ಇದ್ದರು. ಆ ಮುಖ ನೋಡಿದ ಮೇಲೆ ನನಗೆ ಇನ್ನೊಂದು ಲಾಂದ್ರ ಕಣ್ಣಿಗೆ ಬೀಳಲೇ ಇಲ್ಲ.

"ದೊಡ್ಡದೇ ಕೊಡಿ ಸೆಟ್ಟರೇ" ಅಂದೆ.

"ದೋಣೀಲಿ ಇಡೋದಾ? ನೋಡಪ್ಪ, ನಾನು ಹೇಳಿದೀನಿ" ಅಂದರು ಅವರು. ನಾನು ಕೇಳಿಸಿಕೊಂಡೆ. ಅಲುಗಿದರೆ ದೀಪ ಆರುತ್ತದೆ ಅಂತ ಅವರು ಹೇಳುತ್ತಿದ್ದಾರೆ ಎಂದುಕೊಂಡೆ. ನಾವು ಅಲುಗದೆ ಕೂರುವ ಜನ, ನಮಗೇನು ಅಂದುಕೊಂಡೆ.

ಮಾರನೆಯ ದಿನ ಲಾಂದ್ರವನ್ನು ಹರಿಗೋಲಿಗೆ ಇಳಿಸುವಾಗ ಒಂದು ಕೆಲಸ ಮಾಡಿದೆ. ಅದನ್ನು ಬಿಡಿಸಿ ಹೇಳಬೇಕು.

ಆ ಕಾಲದ ಹರಿಗೋಲು ಅಂದರೆ ಬಿದಿರಿನ ಬುಟ್ಟಿಗೆ ಎಮ್ಮೆಯ ತೊಗಲು ಹೊದಿಸಿದ್ದು. ಒಂದು ತೊಗಲು ಸಾಲದು. ಎರಡನ್ನು ಸೇರಿಸಿ ತೊಗಲಿನ ಹುರಿಯಿಂದಲೇ ಹೊಲಿದು, ಹೊಲಿಗೆಯ ಮೇಲೆ ರಾಳವನ್ನು ಎಣ್ಣೆಯಲ್ಲಿ ಕುದಿಸಿ ಬಳಿಯುತ್ತಾರೆ. ಅದು ಗಟ್ಟಿಯಾಗಿ ಕಲ್ಲಿನ ಹಾಗೆ ಕೂತರೆ ನೀರು ಒಳಗೆ ಬರುವುದಿಲ್ಲ. ದೀಪಾವಳಿ ಕಳೆದ ಮೇಲೆ ಹರಿಗೋಲು ಮಗುಚಿ ಹಾಕಿ ಮಾವ ತಾವೇ ಬೆರಳಿನಿಂದ ಬಳಿದಿದ್ದರು. ಕೆಂಡದ ಮಡಕೆಯ ಕೆಳಗೆ ಮರಳು ಹಾಸುವುದು ಆ ತೊಗಲೂ ರಾಳವೂ ಕಾಯದಿರಲಿ ಅಂತ. ನನಗೆ ಗೊತ್ತಿದ್ದದ್ದು ಅಷ್ಟೇ. ಲಾಂದ್ರದಲ್ಲಿ ಬೆಂಕಿ ಇರುವುದು ಮೇಲೆ, ತಳ ತಣ್ಣಗೆ. ಹಾಗಾದರೆ ಮರಳು ಯಾಕೆ? ಅಷ್ಟು ಭಾರ ಕಡಿಮೆಯಾದರೆ ಹುಟ್ಟು ಹಾಕುವುದು ಸಲೀಸು. ಮರಳನ್ನೆಲ್ಲ ಕೆರೆದು ದಡಕ್ಕೆ ಚೆಲ್ಲಿಬಿಟ್ಟೆ.

ಮಾವ ಬಂದು ಕೂತವರೇ, "ಮಳ್ಳು ಎಲ್ಲೋಯ್ತ್ಲಾ?" ಅಂದರು.

"ಬೆಂಕಿ ಮ್ಯಾಲದಲ್ಲ ಮಾವ. ತಳ ಮುಟ್ಟಿ ನೋಡು."

ಅವರು ಲಾಂದ್ರದ ತಳ ಮುಟ್ಟಿದರು, ಪಕ್ಕದ ತೊಗಲನ್ನೂ ಮುಟ್ಟಿದರು. "ತಣ್ಣಗದೆ. ಅದೂ ಸರಿಯೇ" ಅಂದರು.

ಆಮೇಲಿನ ಇಪ್ಪತ್ತು, ಇಪ್ಪತ್ತೈದು ದಿನ ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ. ಮಂಜಿನ ಒಳಗೆ ಒಂದು ಸಣ್ಣ ಕೋಣೆ ಮಾಡಿದ ಹಾಗೆ ಲಾಂದ್ರ ಉರಿಯುತ್ತಿತ್ತು. ನಾಲ್ಕು ಮೊಳದ ಆಚೆ ಲೋಕವೇ ಇಲ್ಲ. ಮಾವ ಲಾಂದ್ರವನ್ನು ಕಂಬಳಿಯ ಬಾಯಿಗೆ ಎಳೆದುಕೊಂಡು ಕೂರುತ್ತಿದ್ದರು. ಎದೆಯ ಸದ್ದು ದಿನದಿನಕ್ಕೆ ಇಳಿಯಿತು. ಒಂದು ಬೆಳಗ್ಗೆ ಪೂರ್ತಿ ನಿಂತೇಹೋಯಿತು. ನನಗೆ ಗಾಬರಿಯಾಗಿ, "ಮಾವ?" ಅಂದೆ.

"ಇವ್ನಿ ಕಣ್ಲಾ. ನೀನು ನೆಮ್ದೀಲಿ ಸಾಯೋಕೂ ಬುಡಕಿಲ್ವಲ್ಲ" ಅಂದರು.

ಉಸಿರು ಬಂದ ಮೇಲೆ ಅವರಿಗೆ ನನಗೆ ಕಲಿಸುವ ತಾಳ್ಮೆಯೂ ಬಂತು. ನನ್ನ ತೋರುಬೆರಳನ್ನು ದಾರದ ಮೇಲೆ ಇಟ್ಟು, ಅದರ ಮೇಲೆ ತಮ್ಮ ಬೆರಳು ಇಡುತ್ತಿದ್ದರು. ಏನಾದರೂ ಬಂದರೆ ಮಾತಾಡದೆ ಒತ್ತುತ್ತಿದ್ದರು. ಒಂದು ಒತ್ತು ಎಲೆ, ಎರಡು ಒತ್ತು ಏಡಿ, ಮೂರು ಒತ್ತು ಮೀನು. ಗಂಟೆಗಟ್ಟಲೆ ಹಾಗೆ ಕೂತಿರುತ್ತಿದ್ದೆವು, ಒಂದು ಬೆರಳ ಮೇಲೆ ಇನ್ನೊಂದು ಬೆರಳು. ನನ್ನ ಅಪ್ಪ ನಾನು ನೆಟ್ಟಗೆ ನಡೆಯುವ ಮೊದಲೇ ತೀರಿಕೊಂಡಿದ್ದ. ಯಾರೂ ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದುಕೊಂಡು ಕೂತದ್ದಿಲ್ಲ.

ಎಣ್ಣೆ ನಡುವೆ ಮುಗಿದು ಅವರು ಚಳಿಗೆ ಸಿಗಬಾರದು ಅಂತ ನಾನು ದಿನವೂ ಲಾಂದ್ರದ ಹೊಟ್ಟೆಯನ್ನು ಬಾಯಿಯ ತನಕ ತುಂಬುತ್ತಿದ್ದೆ. ಮುಚ್ಚಳ ತಿರುಗಿಸಿದರೆ ಅಂಚಿನಲ್ಲಿ ಸ್ವಲ್ಪ ಜಿನುಗುತ್ತಿತ್ತು. ಪಂಚೆಯ ತುದಿಯಲ್ಲಿ ಒರೆಸುತ್ತಿದ್ದೆ. ಹೊಳೆಯ ಮೇಲೆ ನಾವು ಎಷ್ಟು ಕದಲದೆ ಕೂತರೂ ನೀರು ಕದಲುತ್ತದೆ. ಹರಿಗೋಲು ಮೆಲ್ಲಗೆ ಆ ಕಡೆ ಈ ಕಡೆ ವಾಲುತ್ತದೆ. ಒಂದೊಂದು ವಾಲಿಗೆ ಒಂದೊಂದು ಹನಿ ಎಂದರೆ ಇಪ್ಪತ್ತು ದಿನಕ್ಕೆ ಎಷ್ಟು ಹನಿ ಅಂತ ನಾನು ಯೋಚಿಸಲಿಲ್ಲ. ಮರಳಿದ್ದರೆ ಅದು ಕುಡಿದುಬಿಡುತ್ತಿತ್ತು.

ನನ್ನ ಹೆಂಡತಿ ಮೀನನ್ನು ನರಸೀಪುರದ ಸಂತೆಗೆ ಒಯ್ಯುತ್ತಿದ್ದಳು. ಒಂದು ಸಂತೆಯ ದಿನ ಅರ್ಧ ಬುಟ್ಟಿ ಮೀನನ್ನು ಹಾಗೇ ಹೊತ್ತು ತಂದಳು.

"ಏನ್ ಬಾವ, ಮೀನಿಗೆ ಒಗ್ಗರಣೇನೂ ನೀನೇ ಆಕ್ಬುಟ್ಟಿದ್ದೀಯ? ಸೀಮೆಣ್ಣೆ ನಾತ ಅಂತ ಯಾರೂ ಮುಟ್ನಿಲ್ಲ!"

"ಕೈಗೆ ಅಂಟಿರ್ತದೆ ಬುಡು" ಅಂದೆ. ಮರುದಿನದಿಂದ ಕೈಗೆ ಬೂದಿ ಹಚ್ಚಿ ಉಜ್ಜಿ ಉಜ್ಜಿ ತೊಳೆದೆ. ನಾತ ಕೈಯದ್ದಲ್ಲ, ಮೀನು ಹಾಕುವ ಹರಿಗೋಲಿನ ತಳದ್ದು ಅಂತ ಹೊಳೆಯಲಿಲ್ಲ. ಮಾವನಿಗಂತೂ ಹೊಗೆ ಕುಡಿದು ಕುಡಿದು ಮೂಗು ಸತ್ತುಹೋಗಿ ವರ್ಷಗಳಾಗಿದ್ದವು.

ಸಂಕ್ರಾಂತಿ ಕಳೆದಿತ್ತು. ಚಳಿ ಇನ್ನೊಂದು ಹದಿನೈದು ದಿನ, ಆಮೇಲೆ ಇಳಿಯುತ್ತದೆ ಅಂತ ನಾನೂ ನನ್ನ ಹೆಂಡತಿಯೂ ಲೆಕ್ಕ ಹಾಕುತ್ತಿದ್ದೆವು. ಆ ದಿನ ಮಂಜು ಎಷ್ಟಿತ್ತು ಅಂದರೆ ಮಡುವನ್ನು ಕಣ್ಣಿನಿಂದ ಹುಡುಕಲು ಆಗಲಿಲ್ಲ. ಮಾವ ನೀರಿನ ಸದ್ದು ಕೇಳಿಕೊಂಡು "ಇನ್ನೊಸಿ, ಇನ್ನೊಸಿ, ಊಂ, ಬುಡು" ಅಂದ ಕಡೆ ಹಗ್ಗದ ಕಲ್ಲನ್ನು ಇಳಿಸಿದೆ. ದಾರ ಬಿಟ್ಟು ಕೂತೆವು. ಆ ದಿನ ಮಾವ ತಮ್ಮ ಬೆರಳು ಇಡಲಿಲ್ಲ. "ಇವತ್ತು ನೀನೇ ನೋಡು" ಅಂದು ಎರಡೂ ಕೈಯನ್ನು ಲಾಂದ್ರಕ್ಕೆ ಕೊಟ್ಟುಕೊಂಡು ಕೂತರು.

ಎಷ್ಟೋ ಹೊತ್ತಿನ ಮೇಲೆ ದಾರದಲ್ಲಿ ಏನೋ ಬಂತು. ಎಲೆ ಅಲ್ಲ, ಏಡಿ ಅಲ್ಲ. ಯಾರೋ ಕತ್ತಲೆಯಲ್ಲಿ ಬಾಗಿಲನ್ನು ತಟ್ಟಲೋ ಬೇಡವೋ ಅಂತ ಬೆರಳು ಇಟ್ಟ ಹಾಗೆ. ನಾನು ಮಾವನ ಮುಖ ನೋಡಿದೆ. ಅವರು ದಾರ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ನಾನು ಎಳೆದೆ.

ಬಾಳೆಮೀನು, ನನ್ನ ತೋಳಿಗಿಂತ ಉದ್ದ. ಅಂಚಿಗೆ ಬಂದು ಬಾಲ ಬಡಿಯಿತು. ಮಾವ "ಇಡೀಲಾ! ಇಡೀಲಾ!" ಅಂತ ಕೂಗುತ್ತ ಮಂಡಿಯೂರಿ ಎದ್ದರು. ನಾನು ಕಾಲು ಗಟ್ಟಿಯಾಗಿ ಊರಿ ಹಿಂದಕ್ಕೆ ಬಾಗಿದೆ. ಹಿಮ್ಮಡಿಯ ಕೆಳಗೆ ಏನೋ ಮೆತ್ತಗೆ ಸರಿಯಿತು. ಕಾಲಿಗೆ ತಣ್ಣಗೆ ನೀರು ಹತ್ತಿತು. ಮೀನಿನದ್ದು ಅಂದುಕೊಂಡೆ. ನೋಡುವಷ್ಟರಲ್ಲಿ ಪಾದ ಮುಳುಗಿತ್ತು. ಹೊಲಿಗೆ ಒಂದು ಗೇಣು ಬಾಯಿ ಬಿಟ್ಟಿತ್ತು.

ದಾರ ಬಿಟ್ಟೆ. ಕಂಬಳಿ ತುರುಕಿದೆ. ನಿಲ್ಲಲಿಲ್ಲ.

ಮಾವನ ದನಿಯಲ್ಲಿ ಗಾಬರಿಯೇ ಇರಲಿಲ್ಲ. "ಇಬ್ರ ಭಾರಕ್ಕೆ ಪೂರಾ ಹರಿತದೆ. ಹಗ್ಗ ಬಿಚ್ಚು. ಹುಟ್ಟು ತಕ್ಕ."

"ನಾನು ಇಳಿತೀನಿ ಮಾವ!"

"ಮಳ್ಳಲ್ಲಿ ಹುಟ್ದೋನು ನೀನು, ನಿಂಗೆ ಈಜು ಬಂದದಾ? ಸುಮ್ಕೆ ಕುಂತ್ಕ." ಅಷ್ಟು ಹೇಳಿ ಅವರು ಅಂಚಿನ ಮೇಲೆ ಹೊರಳಿ, ಸದ್ದಿಲ್ಲದೆ ನೀರಿಗೆ ಇಳಿದುಬಿಟ್ಟರು. ಆ ಹೊರಳಿಗೆ ಲಾಂದ್ರವೂ ಉರುಳಿ ನೀರಿಗೆ ಬಿತ್ತು. ಬೆಳಕಿನ ಆ ಕೋಣೆ ಹೋಯಿತು. ಮಂಜು ಒಂದೇ ಉಳಿಯಿತು. ಅದರೊಳಗಿಂದ ಅವರ ಉಸಿರು ಕೇಳುತ್ತಿತ್ತು. ಅಂಚನ್ನು ಹಿಡಿದಿದ್ದ ನಾಲ್ಕು ಬೆರಳು ಮಾತ್ರ ನನಗೆ ಕಾಣುತ್ತಿದ್ದವು. "ಎಡಕ್ಕೆ ಆಕು... ಎಡಕ್ಕೆ..." ಅನ್ನುತ್ತಿದ್ದರು. ನಾನು ಹುಟ್ಟು ಹಾಕಿದೆ. ಆ ಬೆರಳುಗಳನ್ನು ನೋಡುತ್ತ ಹಾಕಿದೆ.

ಹತ್ತಿದ್ದು ಊರಿನ ಎದುರಿನ ದಡ. ಸೊಂಟದವರೆಗೆ ನೆನೆದಿದ್ದ ನನ್ನ ಮಡಿಲಲ್ಲಿ ಕಡ್ಡಿಪೆಟ್ಟಿಗೆ ಹಿಟ್ಟಾಗಿತ್ತು. ಬೆಂಕಿ ಇಲ್ಲ, ಒಣ ಬಟ್ಟೆ ಇಲ್ಲ. ಕೂಗಿದರೆ ಮಂಜು ಕೂಗನ್ನು ನುಂಗುತ್ತಿತ್ತು. ಅವರ ಒದ್ದೆ ಬಟ್ಟೆ ಬಿಚ್ಚಿ, ನನ್ನ ಎದೆಗೆ ಅವರ ಬೆನ್ನು ಒತ್ತಿಕೊಂಡು ಮರಳಿನ ಮೇಲೆ ಕೂತೆ. ಅವರು ನಡುಗುತ್ತಿದ್ದರು, ಆ ನಡುಕ ನನ್ನ ಹಲ್ಲುಗಳನ್ನೂ ಅಲ್ಲಾಡಿಸುತ್ತಿತ್ತು.

"ಮೀನು?" ಅಂದರು ಸ್ವಲ್ಪ ಹೊತ್ತಿನ ಮೇಲೆ.

"ಓಯ್ತು ಮಾವ."

"ತಾಕ್ತಾ ಬೆರಳಿಗೆ?"

"ತಾಕ್ತು."

"ಹೂಂ."

ಬಿಸಿಲು ಬಂದಾಗ ನಡುಕ ನಿಂತಿತ್ತು. ಅದು ಒಳ್ಳೆಯದು ಅಂತ ನಾನು ಅಂದುಕೊಂಡೆ.

ಬಟ್ಟೆ ಒಗೆಯಲು ಬಂದವರು ನಮ್ಮನ್ನು ನೋಡಿ ದೋಣಿ ತಂದರು. ಮೂರನೆಯ ದಿನಕ್ಕೆ ಮಾವನಿಗೆ ಜ್ವರ, ಎದೆಯಲ್ಲಿ ನೋವು. ಅದೇ ದಿನ ನಮ್ಮ ಹರಿಗೋಲನ್ನು ಹೊತ್ತು ತಂದು ಮನೆಯ ಮುಂದೆ ಮಗುಚಿ ಹಾಕಿದರು. ಬೇಡ ಬೇಡ ಅಂದರೂ ಮಾವ ಎದ್ದು, ಗೋಡೆ ಹಿಡಿದುಕೊಂಡು ಬಂದು, ಅದರ ಪಕ್ಕ ಕೂತರು. ಹೊಲಿಗೆಯ ಉದ್ದಕ್ಕೂ ತೋರುಬೆರಳು ಎಳೆದರು. ರಾಳ ಬೆರಳಿಗೆ ಅಂಟಿ ಬಂತು, ಬೇಸಗೆಯ ಬೆಣ್ಣೆಯ ಹಾಗೆ. ಬೆರಳನ್ನು ಹೊಸಕಿ ನೋಡಿದರು. ಆಮೇಲೆ ಆ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು.

ಸೀಮೆಎಣ್ಣೆ. ಕಲ್ಲಿನ ಹಾಗೆ ಕೂತಿದ್ದ ರಾಳವನ್ನು ಅದು ಹನಿಹನಿಯಾಗಿ ಕರಗಿಸಿತ್ತು.

ಅವರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಲಾರದೆ ಹೋದೆ. ಅಷ್ಟರಲ್ಲಿ ನನ್ನ ಹೆಂಡತಿ ಗಂಜಿಯ ಚೊಂಬು ಹಿಡಿದು ಬಂದಳು. ಹರಿಗೋಲು ಹೊತ್ತು ತಂದಿದ್ದ ನೆರೆಮನೆಯವನೂ ಅಲ್ಲೇ ನಿಂತಿದ್ದ.

"ಏನಾಗಿತ್ತಪ್ಪಾ, ಹಿಂಗೆ ಹರಿದದಲ್ಲ?" ಅಂದಳು.

ಮಾವ ಬೆರಳನ್ನು ಪಂಚೆಗೆ ಒರೆಸಿಕೊಂಡರು. "ಬಂಡೆ ತಗುಲ್ತು ಕಣವ್ವ."

ಆ ಮಡುವಿನಲ್ಲಿ ಬಂಡೆ ಇಲ್ಲ. ಹೊಳೆಯ ಮೇಲೆ ಬದುಕುವ ಎಲ್ಲರಿಗೂ ಅದು ಗೊತ್ತು. ನೆರೆಮನೆಯವನು ಒಮ್ಮೆ ಮಾವನನ್ನೂ ಒಮ್ಮೆ ನನ್ನನ್ನೂ ನೋಡಿ, ಹೆಗಲ ಮೇಲಿನ ಟವೆಲು ಕೊಡವಿ ಹೊರಟುಹೋದ. ಅವಳು ಹೊಳೆಯ ಮನೆಯ ಮಗಳಾದರೂ ಹರಿಗೋಲು ಹತ್ತಿ ಮಡುವಿಗೆ ಹೋದವಳಲ್ಲ. ಅಪ್ಪ ಹೇಳಿದ್ದನ್ನು ನಂಬಿದಳು.

ಅವಳು ಒಳಗೆ ಹೋದ ಮೇಲೆ ನಾನು ಬಾಯಿ ತೆರೆದೆ. "ಮಾವ, ನಾನು ಮಳ್ಳು ಚೆಲ್ಬಾರ್ದಿತ್ತು..."

"ತಳ ಮುಟ್ಟಿ ಸರಿ ಅಂದೋನು ನಾನು" ಅಂದರು. ಉಸಿರಿಗೆ ನಿಂತು, ಮತ್ತೆ ಅಂದರು: "ಯೋಳ್ಬೇಡ ಕಣ್ಲಾ ಅವಳ್ಗೆ. ನಾನು ಓಯ್ತೀನಿ. ಅವಳು ನಿನ್ ಮುಖ ನೋಡ್ಕಂಡು ಬಾಳ್ಬೇಕು."

ಶಿವರಾತ್ರಿಗೆ ಇನ್ನೂ ನಾಲ್ಕೈದು ದಿನ ಇರುವಾಗ ಹೋದರು. ಚಳಿ ಹೋಗಿ, ಮಧ್ಯಾಹ್ನ ನೆಲ ಕಾಯಲು ಶುರುವಾಗಿತ್ತು. ಕೊನೆಯ ಎರಡು ದಿನ ಕಂಬಳಿಯನ್ನು ತಾವೇ ಒದ್ದು ತೆಗೆಯುತ್ತಿದ್ದರು.

ನಾನು ಬೀಸುಬಲೆ ಬೀಸಿಕೊಂಡು ಬದುಕಿದೆ. ಆ ಮಡುವಿಗೆ ಮತ್ತೆ ಗಾಳ ಬಿಡಲಿಲ್ಲ. ಬಿಟ್ಟಿದ್ದರೆ ಬೆರಳಿಗೆ ತಾಕುತ್ತಿತ್ತು, ಅದೇ ನನಗೆ ಬೇಡವಾಗಿತ್ತು.

ಹೆಂಡತಿ ನನ್ನೊಡನೆ ನಲವತ್ತು ವರ್ಷದ ಮೇಲೆ ಬಾಳಿದಳು. ಜಗಳವಾಡಿದೆವು, ಮಕ್ಕಳ ಮದುವೆ ಮಾಡಿದೆವು, ಒಂದು ಕೂಸನ್ನು ಮಣ್ಣು ಮಾಡಿದೆವು. ಪ್ರತಿ ಚಳಿಗಾಲವೂ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಮೊದಲು ಅವಳ ದುಃಖ ಹಸಿಯಾಗಿದೆ ಅಂತ ಹೇಳಲಿಲ್ಲ. ಆಮೇಲೆ, ಆರಿದ್ದನ್ನು ಯಾಕೆ ಕೆದಕಲಿ ಅಂತ ಹೇಳಲಿಲ್ಲ. ಮಾವ ಬೇಡ ಅಂದಿದ್ದರು ಅನ್ನುವುದು ಎರಡಕ್ಕೂ ಒದಗಿತು.

ಅವಳು ಹೋಗುವ ಹಿಂದಿನ ವರ್ಷ ಸೊಸೆಯರನ್ನು ಸುತ್ತ ಕೂರಿಸಿಕೊಂಡು ಅವಳ ಅಪ್ಪನ ಸುದ್ದಿ ಹೇಳುತ್ತಿದ್ದಳು. ನಾನು ಜಗಲಿಯಲ್ಲಿ ಬಲೆಯ ಹರಕು ಹೆಣೆಯುತ್ತ ಕೂತಿದ್ದೆ.

"ನಿಮ್ಮಾವ ನಂಜನಗೂಡಿಗೆ ನಡೆದೋಗಿ ಅಪ್ಪನ್ಗೆ ಅಂತ ಲಾಂದ್ರ ತಂದಿದ್ರು ಕಣ್ರವ್ವ. ಅಂಥಾ ಉಬ್ಬಸ, ಮಂಜಿನ ಹಂಗೆ ಕರಗೋಗಿತ್ತು. ಆ ಹಾಳು ಬಂಡೆ ಒಂದು ಅಡ್ಡ ಬರ್ದೆ ಇದ್ದಿದ್ರೆ ಅಪ್ಪ ಇನ್ನೂ ಹತ್ತು ವರ್ಸ ಇರೋನು." ಆಮೇಲೆ ಜಗಲಿಯ ಕಡೆಗೆ ದನಿ ಎತ್ತಿ ಕೇಳಿದಳು, "ಅಲ್ವಾ ಬಾವ?"

"ಹೂಂ" ಅಂದೆ.